ಚಿಕಿತ್ಸೆ ಮುಗಿದ ಮೇಲಿನ ಅರವತ್ತು ವರ್ಷ

ಮಕ್ಕಳಿಗೆ ಬರುವ ಕ್ಯಾನ್ಸರ್‌ಗೂ ದೊಡ್ಡವರಿಗೆ ಬರುವ ಕ್ಯಾನ್ಸರ್‌ಗೂ ಹೆಸರು ಒಂದೇ ಆದರೂ ಸ್ವಭಾವ ಬೇರೆ. ತಂಬಾಕು, ಮದ್ಯ, ವರ್ಷಗಟ್ಟಲೆ ಬೆಳೆದ ಕೆಟ್ಟ ಅಭ್ಯಾಸಗಳಿಗೆ ಇಲ್ಲಿ ಪಾತ್ರವಿಲ್ಲ. ಬೆಳೆಯುವ ದೇಹದಲ್ಲಿ ಜೀವಕೋಶಗಳು ಒಂದೇ ಸಮನೆ ಒಡೆದು ಇಮ್ಮಡಿಯಾಗುವಾಗ ಯಾವುದೋ ಒಂದರ ಜೀನ್‌ನಲ್ಲಿ ಆಕಸ್ಮಿಕವಾಗಿ ತಪ್ಪು ನುಸುಳುತ್ತದೆ. ಬಹುಪಾಲು ಮಕ್ಕಳಲ್ಲಿ ಕ್ಯಾನ್ಸರ್ ಶುರುವಾಗುವುದು ಹೀಗೆ. ತಂದೆತಾಯಿಯಿಂದ ಬಂದ ಜೀನ್ ದೋಷ ಕಾರಣವಾಗುವುದು ಕೆಲವರಲ್ಲಿ ಮಾತ್ರ. ಬಸುರಿಯಾಗಿದ್ದಾಗ ತಾಯಿ ಏನು ತಿಂದಳು, ಗ್ರಹಣದ ದಿನ ಹೊರಗೆ ಕಾಲಿಟ್ಟಳೇ ಎಂಬ ಮಾತುಗಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಮೊದಲಿಗೇ ಹೇಳಬೇಕಾಗಿದೆ, ಏಕೆಂದರೆ ಕಾಯಿಲೆ ಗೊತ್ತಾದ ದಿನದಿಂದಲೇ ಮನೆಮಂದಿಯ ದೂರು ಹೊತ್ತು ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕೂರುವ ತಾಯಂದಿರು ನಮ್ಮಲ್ಲಿ ಬಹಳ ಮಂದಿ.

ಮಕ್ಕಳ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಲ್ಯುಕೇಮಿಯಾ, ಅಂದರೆ ಜನ ಬ್ಲಡ್ ಕ್ಯಾನ್ಸರ್ ಎನ್ನುವ ಕಾಯಿಲೆ. ಮೆದುಳಿನ ಗೆಡ್ಡೆ, ಲಿಂಫೋಮಾ, ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆ, ಕಣ್ಣಿನ ರೆಟಿನೊಬ್ಲಾಸ್ಟೊಮಾ, ಮೂಳೆಯ ಕ್ಯಾನ್ಸರ್‌ಗಳು ಆಮೇಲೆ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹತ್ತೊಂಬತ್ತು ವರ್ಷದೊಳಗಿನ ಸುಮಾರು 4 ಲಕ್ಷ ಮಂದಿಗೆ ಪ್ರತಿವರ್ಷ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಇವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಗುಣವಾಗುವವರು ನೂರಕ್ಕೆ ಮೂವತ್ತು ಮಂದಿಯೂ ಇಲ್ಲ. ಔಷಧ ಇನ್ನೂ ಸಿಕ್ಕಿಲ್ಲದ್ದರಿಂದ ಈ ಅಂತರ ಬಂದಿಲ್ಲ. ಲ್ಯುಕೇಮಿಯಾಕ್ಕೆ ಕೊಡುವ ಮುಖ್ಯ ಔಷಧಗಳೆಲ್ಲ ಹಳೆಯವು, ಪೇಟೆಂಟ್ ಮುಗಿದವು. ಕಾಯಿಲೆಯನ್ನು ತಡವಾಗಿ ಗುರುತಿಸುವುದು, ಚಿಕಿತ್ಸೆಯ ನಡುವೆ ತಗಲುವ ಸೋಂಕು, ಔಷಧ ಬೇಕಾದಾಗ ಸಿಗದಿರುವುದು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ಇವೆಲ್ಲ ಸೇರಿ ಮಕ್ಕಳ ಜೀವ ತೆಗೆಯುತ್ತವೆ. ಮಕ್ಕಳ ಕ್ಯಾನ್ಸರ್ ವಿಷಯದಲ್ಲಿ ದನಿ ಎತ್ತುವವರ ಕೆಲಸ ಹುಟ್ಟಿಕೊಂಡದ್ದು ಈ ಅಂತರದಲ್ಲಿಯೇ.

ಆ ಕೆಲಸ ಗುಣವಾದ ದಿನಕ್ಕೆ ಮುಗಿಯುವುದೂ ಇಲ್ಲ. ಅರವತ್ತೈದರ ವಯಸ್ಸಿನಲ್ಲಿ ಕ್ಯಾನ್ಸರ್ ಗೆದ್ದವರ ಮುಂದೆ ಹತ್ತು, ಹದಿನೈದು ವರ್ಷ ಇರಬಹುದು. ಐದು ವರ್ಷದ ಮಗು ಗುಣವಾದರೆ ಅದರ ಮುಂದೆ ಅರವತ್ತು ವರ್ಷವಿದೆ. ಶಾಲೆ, ಉದ್ಯೋಗ, ಮದುವೆ, ಸ್ವಂತ ಮಕ್ಕಳು, ಮುಪ್ಪು ಎಲ್ಲವೂ ಬರುವುದು ಆ ಅರವತ್ತು ವರ್ಷದಲ್ಲಿ. ಎಳವೆಯಲ್ಲಿ ಮೈಗೆ ಹೋದ ಔಷಧದ ಪರಿಣಾಮ ಕಾಣಿಸುವುದೂ ಅಷ್ಟರಲ್ಲೇ.

ಔಷಧದೊಡನೆ ಹುಟ್ಟಿದ ದನಿ

ಮಕ್ಕಳ ಲ್ಯುಕೇಮಿಯಾಕ್ಕೆ ಔಷಧವಿದೆ ಎಂಬ ಮೊದಲ ಸುಳಿವು ಸಿಕ್ಕದ್ದು 1948ರಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ. ಅಲ್ಲಿನ ಮಕ್ಕಳ ಆಸ್ಪತ್ರೆಯ ವೈದ್ಯ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟರು. ಅವರಲ್ಲಿ 10 ಮಕ್ಕಳ ರೋಗ ಕೆಲವು ತಿಂಗಳ ಮಟ್ಟಿಗೆ ಹಿಮ್ಮೆಟ್ಟಿತು. ಆ ಔಷಧ ಬಂದದ್ದು ಲೆಡರ್ಲೆ ಕಂಪನಿಯ ಪ್ರಯೋಗಾಲಯದಿಂದ. ಅಲ್ಲಿನ ಸಂಶೋಧನೆಯ ಮುಂದಾಳು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇಂದಿಗೂ ಲ್ಯುಕೇಮಿಯಾ ಮಕ್ಕಳ ವಾರದ ಮಾತ್ರೆಯಾಗಿ ಬಳಕೆಯಲ್ಲಿದೆ.

ಅದೇ ವರ್ಷ ಫಾರ್ಬರ್ ಇನ್ನೊಂದು ದಾರಿಯನ್ನೂ ತೆರೆದರು. ಹಣವಿಲ್ಲದೆ ಸಂಶೋಧನೆ ಸಾಗದೆಂದು ತಿಳಿದಿದ್ದ ಅವರು, ತಮ್ಮ ವಾರ್ಡಿನಲ್ಲಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ದನಿಯನ್ನು ರೇಡಿಯೊ ಮೂಲಕ ದೇಶಕ್ಕೆಲ್ಲ ಕೇಳಿಸಿದರು. ನಿಜವಾದ ಹೆಸರು ಮರೆಮಾಡಿ ಅವನನ್ನು ‘ಜಿಮ್ಮಿ’ ಎಂದು ಕರೆಯಲಾಯಿತು. ಬೇಸ್‌ಬಾಲ್ ಆಟಗಾರರು ಅವನ ಹಾಸಿಗೆಯ ಬಳಿ ಬಂದರು, ಅಂಚೆಯಲ್ಲಿ ಚಿಲ್ಲರೆ ಕಾಸಿನಿಂದ ಹಿಡಿದು ಚೆಕ್‌ಗಳವರೆಗೆ ಹಣ ಹರಿದುಬಂತು. ಜಿಮ್ಮಿ ಫಂಡ್ ಹೀಗೆ ಸ್ಥಾಪನೆಯಾಯಿತು. ಆ ಹುಡುಗ ಬದುಕಿ ಉಳಿದ. ಐನಾರ್ ಗುಸ್ಟಫ್ಸನ್ ಎಂಬ ಹೆಸರಿನ ಅವನು ಮೇನ್ ರಾಜ್ಯದಲ್ಲಿ ಲಾರಿ ಚಾಲಕನಾಗಿ ಸಂಸಾರ ನಡೆಸಿದ. ಆದರೂ ಜಿಮ್ಮಿ ಎಂದೋ ತೀರಿಹೋಗಿದ್ದಾನೆ ಎಂದೇ ಬಹಳ ಮಂದಿ ನಂಬಿದ್ದರು. ಅವನೇ ಜಿಮ್ಮಿ ಎಂದು ಲೋಕಕ್ಕೆ ತಿಳಿದದ್ದು ಸರಿಯಾಗಿ ಐವತ್ತು ವರ್ಷದ ಮೇಲೆ, 1998ರಲ್ಲಿ. ಕಾಯಿಲೆಯ ಮಗುವಿನ ಮುಖ ಎಲ್ಲರ ಮನ ಕರಗಿಸುತ್ತದೆ, ಗುಣವಾಗಿ ದೊಡ್ಡವನಾದವನನ್ನು ಹುಡುಕಿಕೊಂಡು ಹೋಗುವವರಿರುವುದಿಲ್ಲ. ಮಕ್ಕಳ ಕ್ಯಾನ್ಸರ್ ಕ್ಷೇತ್ರ ಬಹಳ ಕಾಲ ಇದೇ ಸ್ಥಿತಿಯಲ್ಲಿತ್ತು.

1962ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ತೆರೆದಾಗ ಲ್ಯುಕೇಮಿಯಾದಿಂದ ಉಳಿಯುತ್ತಿದ್ದ ಮಕ್ಕಳು ನೂರಕ್ಕೆ ನಾಲ್ಕು ಮಂದಿ. ಅಲ್ಲಿನ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ ಬಳಸಿ, ಮೆದುಳು ಮತ್ತು ಬೆನ್ನುಹುರಿಗೂ ಚಿಕಿತ್ಸೆ ಕೊಟ್ಟು ಒಂದು ದಶಕದೊಳಗೆ ಆ ಲೆಕ್ಕವನ್ನು ಅರ್ಧದಷ್ಟಕ್ಕೆ ಏರಿಸಿದರು. ಈಗ ಅಲ್ಲಿ ಅದು ತೊಂಬತ್ತು ದಾಟಿದೆ. 1970ರಲ್ಲಿ ಅಮೆರಿಕದ ತಂದೆತಾಯಿಯರು ಸೇರಿ ಕ್ಯಾಂಡಲ್‌ಲೈಟರ್ಸ್ ಎಂಬ ಸಂಘ ಕಟ್ಟಿದರು. 1975ರಲ್ಲಿ ವೈದ್ಯ ಜೂಲಿಯೊ ಡಿ’ಆಂಜಿಯೊ, ಗುಣಪಡಿಸಿದರಷ್ಟೇ ಸಾಲದು ಎಂಬ ಮಾತನ್ನು ತಮ್ಮ ಲೇಖನದ ಶೀರ್ಷಿಕೆಯಲ್ಲೇ ಇಟ್ಟರು. ವೈದ್ಯಲೋಕ ಆ ಮಾತಿನ ಭಾರವನ್ನು ಅರಿಯಲು ಇನ್ನೂ ಎರಡು ದಶಕ ಹಿಡಿಯಿತು. ನಾನಾ ದೇಶಗಳ ತಂದೆತಾಯಿಯರ ಸಂಘಗಳು 1994ರಲ್ಲಿ ಸ್ಪೇನ್‌ನ ವೆಲೆನ್ಸಿಯಾದಲ್ಲಿ ಸೇರಿ ಒಂದು ಒಕ್ಕೂಟವಾದವು. ಇಂದು ಚೈಲ್ಡ್‌ಹುಡ್ ಕ್ಯಾನ್ಸರ್ ಇಂಟರ್‌ನ್ಯಾಷನಲ್ ಎಂದು ಹೆಸರಾಗಿರುವ ಸಂಸ್ಥೆ ಅದೇ. ಫೆಬ್ರವರಿ 15ರ ಅಂತರರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನದ ಹಿಂದೆ ಇರುವುದೂ ಈ ಒಕ್ಕೂಟವೇ.

ಭಾರತದಲ್ಲಿ ಮೊದಲ ಔಷಧ

ಭಾರತದಲ್ಲಿ ಪ್ರತಿವರ್ಷ ಕ್ಯಾನ್ಸರ್‌ಗೆ ತುತ್ತಾಗುವ ಮಕ್ಕಳು ಅಂದಾಜು ಐವತ್ತು ಸಾವಿರ. ಹದಿಹರೆಯದವರನ್ನೂ ಸೇರಿಸಿದರೆ ಈ ಅಂದಾಜು ಎಪ್ಪತ್ತೈದು ಸಾವಿರದ ಹತ್ತಿರ ಹೋಗುತ್ತದೆ. ಇವರೆಲ್ಲರೂ ಆಸ್ಪತ್ರೆಯ ಬಾಗಿಲಿಗೆ ಬರುವುದಿಲ್ಲ. ಬಿಡದ ಜ್ವರ, ಮೈ ಬಿಳಿಚುವುದು, ಚರ್ಮದ ಮೇಲೆ ಕಾರಣವಿಲ್ಲದೆ ಏಳುವ ನೀಲಿ ಕಲೆ, ಕಾಲುನೋವೆಂದು ಮಗು ನಡೆಯಲು ಒಪ್ಪದಿರುವುದು, ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು, ಫೋಟೊದಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುವ ಪಾಪೆ ಇವೆಲ್ಲ ಎಚ್ಚರಿಕೆಯ ಚಿಹ್ನೆಗಳು. ಹಳ್ಳಿಯ ಕ್ಲಿನಿಕ್‌ನಲ್ಲಿ ಇವು ಟೈಫಾಯ್ಡ್ ಅಥವಾ ರಕ್ತಹೀನತೆಯಾಗಿ ಕಂಡು ವಾರಗಳು ಕಳೆಯುತ್ತವೆ. ಇನ್ನೊಂದು ಸಂಗತಿ ಇದಕ್ಕಿಂತ ನೋವಿನದು. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಯಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳದ್ದಕ್ಕಿಂತ ಬಹಳ ಹೆಚ್ಚು. ಜೈವಿಕ ವ್ಯತ್ಯಾಸವೊಂದರಿಂದ ಇಷ್ಟು ಅಂತರ ಆಗಲಾರದು. ಹೆಣ್ಣುಮಗುವನ್ನು ದೂರದ ಊರಿಗೆ ಕರೆದೊಯ್ದು ಖರ್ಚು ಮಾಡಲು ಹಿಂಜರಿಯುವ ಮನೆಗಳು ಈ ಲೆಕ್ಕದ ಹಿಂದಿವೆ.

ಬಂದವರೆಲ್ಲ ಚಿಕಿತ್ಸೆ ಮುಗಿಸುತ್ತಾರೆಂದೂ ಇಲ್ಲ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಲ್ಯುಕೇಮಿಯಾದ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷದ್ದು. ಮೊದಲ ಆರೆಂಟು ತಿಂಗಳು ತೀವ್ರ. ಕೀಮೋ ಆದ ಮೇಲೆ ರಕ್ತದ ಬಿಳಿಕಣ ಕುಸಿಯುತ್ತದೆ, ವಾರ್ಡಿನ ಮಾತಿನಲ್ಲಿ ‘ಕೌಂಟ್ ಬೀಳುತ್ತದೆ’. ಆಗ ಜ್ವರ ಬಂದರೆ ಗಂಟೆಗಳೊಳಗೆ ಆಸ್ಪತ್ರೆ ಸೇರಿ ಆಂಟಿಬಯೊಟಿಕ್ ಹಾಕಿಸಬೇಕು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಅಲ್ಲಿಂದ ಬಂದ ಕೂಲಿಯವರ ಮನೆ ಈ ತಿಂಗಳುಗಳನ್ನು ಊರಿನಿಂದ ನಿಭಾಯಿಸಲು ಸಾಧ್ಯವಿಲ್ಲ. ಆಸ್ಪತ್ರೆಯ ಹತ್ತಿರ ಉಳಿಯಬೇಕು. ಅಪ್ಪನೋ ಅಮ್ಮನೋ ದುಡಿಮೆ ಬಿಡಬೇಕು, ಊರಿನಲ್ಲಿ ಉಳಿದ ಇನ್ನೊಂದು ಮಗುವನ್ನು ಅಜ್ಜಿಯ ಕೈಗೊಪ್ಪಿಸಬೇಕು. ಮೊದಲ ತಿಂಗಳಲ್ಲೇ ಮಗು ಚೇತರಿಸಿಕೊಂಡು ಆಡತೊಡಗಿದಾಗ ‘ವಾಸಿಯಾಯಿತಲ್ಲ’ ಎಂದು ಹೊರಟುಬಿಡುವ ಕುಟುಂಬಗಳಿವೆ. ರೋಗದ ಬೇರು ಆಗ ಇನ್ನೂ ಉಳಿದಿರುತ್ತದೆ. ಅದು ಮರಳಿದಾಗ ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಗುಣಪಡಿಸುವ ಉದ್ದೇಶದ ಚಿಕಿತ್ಸೆಯನ್ನು ನಡುವೆ ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಸತತವಾಗಿ ತಪ್ಪಿಸಿಕೊಂಡರೆ ಅದನ್ನು ಚಿಕಿತ್ಸೆ ತೊರೆದಂತೆ ಎಂದು ಮಕ್ಕಳ ಕ್ಯಾನ್ಸರ್ ತಜ್ಞರು ಲೆಕ್ಕ ಹಿಡಿಯುತ್ತಾರೆ. ಬೇರೆ ಕಾರಣಗಳಿಂದ ಆಗುವ ಸಾವನ್ನು ತಡೆಯಲು ಹೊಸ ಯಂತ್ರ, ಹೊಸ ಔಷಧ ಬೇಕಾಗಬಹುದು. ಚಿಕಿತ್ಸೆ ತೊರೆಯುವುದನ್ನು ತಡೆಯಲು ಬೇಕಾದದ್ದು ಒಂದು ಕೋಣೆ, ಬಸ್ ಚಾರ್ಜು, ದಿನಸಿ, ಮತ್ತು ಬಾರದ ಮಗುವಿನ ಮನೆಗೆ ಅದೇ ವಾರ ಫೋನ್ ಮಾಡುವ ಒಬ್ಬ ಸಮಾಜ ಕಾರ್ಯಕರ್ತೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಮಕ್ಕಳ ವಿಭಾಗ ಇದನ್ನು ಮಾಡಿ ತೋರಿಸಿದೆ. ದಾನಿಗಳ ನೆರವು, ವಸತಿ, ಆಹಾರ, ಆಪ್ತಸಲಹೆಗಳನ್ನು ಒಂದೇ ವ್ಯವಸ್ಥೆಯಡಿ ತಂದ ಮೇಲೆ ಅಲ್ಲಿ ಚಿಕಿತ್ಸೆ ತೊರೆಯುವವರ ಪ್ರಮಾಣ ನೂರಕ್ಕೆ ಇಪ್ಪತ್ತರ ಆಸುಪಾಸಿನಿಂದ ಐದಕ್ಕೂ ಕೆಳಗಿಳಿಯಿತು. ಭಾರತದಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಮೊದಲು ಬೇಕಾದ ಔಷಧ ಇದೇ ಎಂದರೆ ಅತಿಶಯವಾಗದು.

ಈ ಕೆಲಸಕ್ಕೆ ಕೈಹಾಕಿದ ಸಂಸ್ಥೆಗಳು ಕಳೆದ ಎರಡು ದಶಕದಲ್ಲಿ ಬೆಳೆದಿವೆ. ಕರುಳಿನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ ಪೂನಂ ಬಗಾಯಿ 2004ರಲ್ಲಿ ದೆಹಲಿಯಲ್ಲಿ ಶುರುಮಾಡಿದ ಕ್ಯಾನ್‌ಕಿಡ್ಸ್ ಕಿಡ್ಸ್‌ಕ್ಯಾನ್ ಹಲವು ರಾಜ್ಯಗಳ ಆಸ್ಪತ್ರೆಗಳ ಒಳಗೇ ತನ್ನ ಕಾರ್ಯಕರ್ತರನ್ನು ಇರಿಸಿದೆ. 2006ರಲ್ಲಿ ಮುಂಬೈಯಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ಚಿಕಿತ್ಸೆಗೆ ಬಂದ ಮಗುವಿಗೂ ತಂದೆತಾಯಿಗೂ ಉಚಿತ ಕೋಣೆ ಕೊಡುತ್ತವೆ. ಅಡುಗೆ ಮಾಡಿಕೊಳ್ಳಲು ಒಲೆ ಇರುತ್ತದೆ. ಮಗುವಿಗೆ ಅಮ್ಮನ ಕೈಯಡುಗೆ, ಸ್ವಚ್ಛವಾದ ನೀರು, ಸೋಂಕಿಲ್ಲದ ಹಾಸಿಗೆ ಸಿಗುತ್ತದೆ. ಆಸ್ಪತ್ರೆಯ ಮುಂದಿನ ಕಾಲುದಾರಿಯಲ್ಲಿ ಮಲಗುವ ಕುಟುಂಬದ ಮಗುವಿಗೆ ಇವು ಸಿಗುವುದಿಲ್ಲ, ಕೌಂಟ್ ಬಿದ್ದಾಗ ಜೀವ ಹೋಗುವುದು ಅಲ್ಲೇ. ಕಡಲ್ಸ್ ಫೌಂಡೇಶನ್ ಮಕ್ಕಳ ಪೌಷ್ಟಿಕತೆಯನ್ನೇ ತನ್ನ ಕೆಲಸ ಮಾಡಿಕೊಂಡಿದೆ. ಅಪೌಷ್ಟಿಕ ಮಗು ಕೀಮೋದ ಹೊಡೆತ ತಾಳಲಾರದು, ಔಷಧದ ಪ್ರಮಾಣ ಇಳಿಸಬೇಕಾಗುತ್ತದೆ, ಇಳಿಸಿದರೆ ಕ್ಯಾನ್ಸರ್ ಉಳಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆಯಂಥ ಆಸರೆಗಳಿಂದ ಉತ್ತರ ಕರ್ನಾಟಕ ಮತ್ತು ರಾಯಲಸೀಮೆಯ ಎಷ್ಟೋ ಕುಟುಂಬಗಳು ನಗರದಲ್ಲಿ ಉಳಿಯಲು ಸಾಧ್ಯವಾಗಿದೆ.

ಸರ್ಕಾರದ ನೆರವೂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ. ಚಿಕಿತ್ಸೆಗೆ ಹೋಗುವಾಗ ಮಾತ್ರವಲ್ಲ, ಮುಂದೆ ತಪಾಸಣೆಗೆ ಹೋಗುವಾಗಲೂ ಅದು ಸಲ್ಲುತ್ತದೆ. ಬಹಳಷ್ಟು ಕುಟುಂಬಗಳಿಗೆ ಈ ಎರಡನೆಯದು ಗೊತ್ತಿಲ್ಲ. ಯೋಜನೆ ಇರುವುದು ಒಂದು, ಅರ್ಜಿ ತುಂಬಿ, ಮೊಹರು ಹಾಕಿಸಿ, ಅದನ್ನು ಕೈಗೆ ತಲುಪಿಸುವುದು ಇನ್ನೊಂದು. ಆಸ್ಪತ್ರೆಯ ಕೆಲಸಗಳಲ್ಲಿ ಈ ತಲುಪಿಸುವ ಕೆಲಸಕ್ಕೆ ಮಾನ್ಯತೆ ಕಡಿಮೆ. ಸಮಾಜ ಕಾರ್ಯಕರ್ತರ ಸಂಬಳ ಬಹುತೇಕ ಕಡೆ ಆಸ್ಪತ್ರೆಯ ಬಜೆಟ್ಟಿನಿಂದ ಬಾರದೆ ದಾನಿಗಳ ಕೃಪೆಯಲ್ಲಿ ನಡೆಯುತ್ತಿರುವುದು ದೊಡ್ಡ ಕೊರತೆ.

ಚಿಕಿತ್ಸೆಯ ಕಾಲದಲ್ಲಿ ಮಗುವಿನ ಓದು ನಿಲ್ಲುತ್ತದೆ. ಎರಡು ವರ್ಷ ಬಿಟ್ಟು ತನಗಿಂತ ಚಿಕ್ಕವರ ಜೊತೆ ಕೂರಬೇಕಾದ ಹುಡುಗ ಶಾಲೆಗೆ ಹೋಗಲೊಲ್ಲ. ಕೂದಲು ಉದುರಿದ ತಲೆಯನ್ನು ಕಂಡು ತಮ್ಮ ಮಕ್ಕಳಿಗೂ ಅಂಟೀತೆಂದು ಹೆದರುವ ಪೋಷಕರು ಇಂದಿಗೂ ಇದ್ದಾರೆ. ಕ್ಯಾನ್ಸರ್ ಅಂಟುರೋಗವಲ್ಲ. ಅಂಟುವ ಭಯವಿರುವುದು ತಿರುಗುಮುರುಗಾಗಿ, ತರಗತಿಯ ಸೀತಾಳೆ ಸಿಡುಬು, ದಡಾರ ಈ ಮಗುವಿಗೆ ತಗಲದಂತೆ ನೋಡಿಕೊಳ್ಳಬೇಕು. ಆಸ್ಪತ್ರೆಯೊಳಗಿನ ತರಗತಿಗಳು ಮತ್ತು ಮಗು ಮರಳುವ ಮುನ್ನ ಶಾಲೆಯ ಶಿಕ್ಷಕರೊಡನೆ ನಡೆಸುವ ಒಂದು ಮಾತುಕತೆ ಬಹಳ ಕೆಲಸ ಮಾಡುತ್ತವೆ.

ಮೈಯಲ್ಲಿ ಉಳಿಯುವ ಲೆಕ್ಕ

ಕ್ಯಾನ್ಸರ್ ಕೋಶವನ್ನು ಕೊಲ್ಲುವ ಔಷಧ ಬೆಳೆಯುವ ಆರೋಗ್ಯಕರ ಕೋಶವನ್ನೂ ಪೂರ್ತಿ ಬಿಡುವುದಿಲ್ಲ. ಕೂದಲು ಉದುರುವುದು, ವಾಂತಿ, ಬಾಯಿಹುಣ್ಣು ಇವು ಚಿಕಿತ್ಸೆಯೊಡನೆ ಮುಗಿಯುತ್ತವೆ. ಕೆಲವು ಪರಿಣಾಮಗಳು ಹತ್ತು, ಇಪ್ಪತ್ತು, ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಕಾಣಿಸುತ್ತವೆ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಹೃದಯದ ಸ್ನಾಯುವನ್ನು ಸೊರಗಿಸಬಲ್ಲವು. ಎಷ್ಟು ಕೊಟ್ಟರು ಎಂಬುದರ ಒಟ್ಟು ಮೊತ್ತ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಗುಣವಾಗಿ ವರ್ಷಗಳ ಮೇಲೆ ಗರ್ಭಿಣಿಯಾದ ಹೆಣ್ಣಿನಲ್ಲಿ ಹೃದಯದ ಈ ದೌರ್ಬಲ್ಯ ಮೊದಲ ಬಾರಿಗೆ ಬಯಲಾಗಬಹುದು, ಆದ್ದರಿಂದ ಬಸುರಿಗೆ ಮುನ್ನ ಎಕೊ ಪರೀಕ್ಷೆ ಆಗಿರಬೇಕು. ಸಿಸ್‌ಪ್ಲಾಟಿನ್‌ನಿಂದ ಕಿವಿ ಮಂದವಾಗುತ್ತದೆ. ಕಿವಿ ಕೇಳದ ಮಗು ತರಗತಿಯಲ್ಲಿ ಗಮನ ಕೊಡುವುದಿಲ್ಲವೆಂದು ಬೈಸಿಕೊಳ್ಳುತ್ತದೆ. ಸೈಕ್ಲೊಫಾಸ್ಫಮೈಡ್‌ನಂಥ ಔಷಧಗಳ ದೊಡ್ಡ ಪ್ರಮಾಣ ಸಂತಾನಶಕ್ತಿಯನ್ನು ಕುಗ್ಗಿಸುತ್ತದೆ. ಸ್ಟೀರಾಯ್ಡ್ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯದಂತೆ ಮಾಡಿ ಅದನ್ನು ಕುಸಿಯುವಂತೆ ಮಾಡಬಹುದು.

ಹಳ್ಳಿಯಲ್ಲಿ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್‌ನ ಪರಿಣಾಮ ಇನ್ನೂ ದೀರ್ಘ. ಎಳೆಯ ಮೆದುಳಿಗೆ ಬಿದ್ದರೆ ನೆನಪು, ಗಮನ, ಗಣಿತದ ವೇಗ ತಗ್ಗುತ್ತದೆ, ಎತ್ತರ ಬೆಳೆಯಲು ಬೇಕಾದ ಹಾರ್ಮೋನ್ ಕಡಿಮೆಯಾಗುತ್ತದೆ. ಕುತ್ತಿಗೆಗೆ ಬಿದ್ದರೆ ಥೈರಾಯ್ಡ್ ತೊಂದರೆ. ಹಾಜ್‌ಕಿನ್ ಲಿಂಫೋಮಾಕ್ಕಾಗಿ ಎದೆಗೆ ರೇಡಿಯೇಷನ್ ಪಡೆದ ಹುಡುಗಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬರುವ ಅಪಾಯವಿದೆ. ಅವಳ ತಪಾಸಣೆ ಇಪ್ಪತ್ತೈದನೆಯ ವಯಸ್ಸಿಗೆ ಅಥವಾ ರೇಡಿಯೇಷನ್ ಆಗಿ ಎಂಟು ವರ್ಷಕ್ಕೆ, ಯಾವುದು ತಡವೋ ಆಗ ಶುರುವಾಗಬೇಕು. ವಂಶವಾಹಿ ದೋಷದಿಂದ ರೆಟಿನೊಬ್ಲಾಸ್ಟೊಮಾ ಬಂದ ಮಗುವಿಗೆ ಮುಂದೆ ಮೂಳೆ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಕಣ್ಣು ತೆಗೆದ ಮಗುವಿಗೆ ಹಾಕಿದ ಕೃತಕ ಕಣ್ಣನ್ನು ಮುಖ ಬೆಳೆದಂತೆಲ್ಲ ಬದಲಿಸಬೇಕು. ಒಂದು ಮೂತ್ರಪಿಂಡ ತೆಗೆಸಿಕೊಂಡವರು ಬಿಪಿ ನೋಡಿಸಿಕೊಳ್ಳುತ್ತಲೇ ಇರಬೇಕು, ನೋವಿನ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು.

ಇದರ ವ್ಯಾಪ್ತಿಯನ್ನು ಜಗತ್ತಿಗೆ ತೋರಿಸಿದ್ದು ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ. 1970ರಿಂದ 1986ರ ನಡುವೆ ಕ್ಯಾನ್ಸರ್ ಬಂದು, ಕನಿಷ್ಠ ಐದು ವರ್ಷ ಉಳಿದವರನ್ನು ಹುಡುಕಿ, ಅವರ ಒಡಹುಟ್ಟಿದವರ ಜೊತೆ ಹೋಲಿಸಲಾಯಿತು. 2006ರಲ್ಲಿ ಪ್ರಕಟವಾದ ಅದರ ವರದಿ 10,397 ಮಂದಿಯದು. ಅವರಲ್ಲಿ ನೂರಕ್ಕೆ 62 ಮಂದಿಗೆ ಒಂದಾದರೂ ದೀರ್ಘಕಾಲದ ತೊಂದರೆ ಇತ್ತು, 27 ಮಂದಿಗೆ ಅದು ತೀವ್ರವಾಗಿ ಅಥವಾ ಪ್ರಾಣಾಪಾಯದ ಮಟ್ಟದಲ್ಲಿತ್ತು. ತೀವ್ರ ತೊಂದರೆಯ ಅಪಾಯ ಒಡಹುಟ್ಟಿದವರಿಗಿಂತ ಎಂಟು ಪಟ್ಟು.

ಈ ಅಂಕಿಗಳು ಹೆದರಿಸಲೆಂದು ಹುಟ್ಟಿದವಲ್ಲ. ಇವುಗಳಿಂದ ಚಿಕಿತ್ಸೆಯೇ ಬದಲಾಯಿತು. ಲ್ಯುಕೇಮಿಯಾ ಮಕ್ಕಳಲ್ಲಿ ಬಹುಪಾಲು ಮಂದಿಗೆ ಈಗ ತಲೆಗೆ ರೇಡಿಯೇಷನ್ ಕೊಡುವುದಿಲ್ಲ. ಹೃದಯಕ್ಕೆ ಹಾನಿ ಮಾಡುವ ಔಷಧದ ಮೊತ್ತಕ್ಕೆ ಮಿತಿ ಬಿದ್ದಿದೆ. ಅದೇ ಅಧ್ಯಯನದ 2016ರ ವರದಿಯಲ್ಲಿ ಫಲ ಕಾಣುತ್ತದೆ. ಐದು ವರ್ಷ ಉಳಿದವರಲ್ಲಿ, ಕಾಯಿಲೆ ಬಂದು ಹದಿನೈದು ವರ್ಷದೊಳಗೆ ಸತ್ತವರ ಪ್ರಮಾಣ 1970ರ ದಶಕದ ಆರಂಭದಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 12.4 ಇದ್ದದ್ದು, 1990ರ ದಶಕದವರಲ್ಲಿ 6ಕ್ಕೆ ಇಳಿದಿತ್ತು. ಮೊದಲು ಗುಣವಾದವರು ತಮ್ಮ ಮೈಮೇಲೆ ಅನುಭವಿಸಿದ್ದನ್ನು ವೈದ್ಯರಿಗೆ ತಿಳಿಸಿದ್ದರಿಂದ ಅವರ ನಂತರದ ಮಕ್ಕಳು ಕಡಿಮೆ ಹಾನಿಯಲ್ಲಿ ಗುಣವಾದರು. ಮರಳಿ ತಪಾಸಣೆಗೆ ಬರುವ ಪ್ರತಿಯೊಬ್ಬರೂ ಈ ಸರಪಳಿಯ ಒಂದು ಕೊಂಡಿ.

ತಪಾಸಣೆ ಯಾರ ಹೊಣೆ

ಭಾರತದಲ್ಲಿ ಗುಣವಾದ ಮಕ್ಕಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಮೊದಲು ನಡೆಸಿದ್ದು ಟಾಟಾ ಸ್ಮಾರಕ ಆಸ್ಪತ್ರೆ, 1991ರಲ್ಲಿ. ಅದನ್ನು ಕಟ್ಟಿದವರು ಡಾ. ಪೂರ್ಣಾ ಕುರ್ಕುರೆ. ‘ಎ.ಸಿ.ಟಿ. (ಆಫ್ಟರ್ ಕಂಪ್ಲೀಷನ್ ಆಫ್ ಥೆರಪಿ) ಕ್ಲಿನಿಕ್’ ಎಂದು ಹೆಸರಾದ ಇಲ್ಲಿ ಚಿಕಿತ್ಸೆ ಮುಗಿಸಿದವರು ವರ್ಷಕ್ಕೊಮ್ಮೆ ಬರುತ್ತಾರೆ, ಯಾರಿಗೆ ಯಾವ ಔಷಧ ಎಷ್ಟು ಹೋಗಿತ್ತೋ ಅದಕ್ಕೆ ತಕ್ಕ ಪರೀಕ್ಷೆ ಆಗುತ್ತದೆ. 2016ರಿಂದ ಭಾರತೀಯ ಮಕ್ಕಳ ಕ್ಯಾನ್ಸರ್ ತಜ್ಞರ ಸಂಶೋಧನಾ ಗುಂಪು ದೇಶದ ಹಲವು ಆಸ್ಪತ್ರೆಗಳಲ್ಲಿ ಗುಣವಾದವರನ್ನು ನೋಂದಾಯಿಸಿ ಅವರ ಆರೋಗ್ಯವನ್ನು ಅನುಸರಿಸುವ ಅಧ್ಯಯನ ನಡೆಸುತ್ತಿದೆ. ಅಮೆರಿಕದ ಅಂಕಿಗಳನ್ನೇ ಇಲ್ಲಿಗೆ ಹಚ್ಚಲಾಗದು. ನಮ್ಮ ಮಕ್ಕಳ ಪೌಷ್ಟಿಕತೆ, ಸೋಂಕು, ಚಿಕಿತ್ಸೆಯ ರೀತಿ ಬೇರೆ. ಹಿಂದೆ ಚಿಕಿತ್ಸೆ ಪಡೆದ ಕೆಲವರಿಗೆ ರಕ್ತಪೂರಣದಿಂದ ಹೆಪಟೈಟಿಸ್ ತಗಲಿದ ಉದಾಹರಣೆಗಳೂ ಇವೆ.

ಹೆಚ್ಚಿನ ಕಡೆ ಪರಿಸ್ಥಿತಿ ಇಷ್ಟು ಸುಸೂತ್ರವಿಲ್ಲ. ದಿನವೂ ಹೊಸ ರೋಗಿಗಳಿಂದ ತುಂಬಿರುವ ಒಪಿಡಿಯಲ್ಲಿ, ಹತ್ತು ವರ್ಷದ ಹಿಂದೆ ಗುಣವಾಗಿ ಆರೋಗ್ಯವಾಗಿ ಕಾಣುವ ಯುವಕನಿಗೆ ಸಮಯ ಸಿಗುವುದು ಕಷ್ಟ. ಅವನಿಗೂ ಬರುವ ಮನಸ್ಸಿಲ್ಲ, ರಜೆ ಹಾಕಿದರೆ ದಿನದ ಕೂಲಿ ಹೋಗುತ್ತದೆ. ಹದಿನೆಂಟು ದಾಟಿದ ಮೇಲೆ ಮಕ್ಕಳ ವಿಭಾಗ ಅವನದಲ್ಲ, ದೊಡ್ಡವರ ವಿಭಾಗಕ್ಕೆ ಅವನ ಕಥೆ ಗೊತ್ತಿಲ್ಲ. ಈ ನಡುವಿನ ಕಂದಕದಲ್ಲಿ ಬಹಳ ಮಂದಿ ಕಳೆದುಹೋಗುತ್ತಾರೆ.

ಇದಕ್ಕೆ ಕಡಿಮೆ ಖರ್ಚಿನ, ಎಲ್ಲ ಆಸ್ಪತ್ರೆಗೂ ಸಾಧ್ಯವಾದ ಒಂದು ಉಪಾಯವಿದೆ. ಚಿಕಿತ್ಸೆ ಮುಗಿದ ದಿನ ಎರಡು ಪುಟದ ಸಾರಾಂಶ ಕೊಡುವುದು. ಯಾವ ಕ್ಯಾನ್ಸರ್, ಯಾವ ವರ್ಷ, ಯಾವ ಔಷಧದ ಒಟ್ಟು ಪ್ರಮಾಣ, ರೇಡಿಯೇಷನ್ ಎಲ್ಲಿಗೆ ಎಷ್ಟು, ಯಾವ ಶಸ್ತ್ರಚಿಕಿತ್ಸೆ, ಮುಂದೆ ಯಾವ ಪರೀಕ್ಷೆ ಎಂದಿಗೆ ಎಂಬುದು ಅದರಲ್ಲಿರಬೇಕು. ಯುರೋಪಿನಲ್ಲಿ ಪ್ಯಾನ್‌ಕೇರ್ ಜಾಲದ ವೈದ್ಯರು ಇದನ್ನು ‘ಸರ್ವೈವರ್‌ಶಿಪ್ ಪಾಸ್‌ಪೋರ್ಟ್’ ಎಂಬ ಡಿಜಿಟಲ್ ದಾಖಲೆಯಾಗಿ ಬೆಳೆಸಿದ್ದಾರೆ. ನಮ್ಮಲ್ಲಿ ಅದು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಬೇಕು. ತಾಲ್ಲೂಕಿನ ವೈದ್ಯರಿಗೆ ಇಂಗ್ಲಿಷ್ ಪುಟ ಸಾಕು. ಆದರೆ ಇಪ್ಪತ್ತೈದರ ವಯಸ್ಸಿನಲ್ಲಿ ತನ್ನ ಮೈಯ ಕಥೆಯನ್ನು ತಾನೇ ಓದಿ ತಿಳಿಯಬೇಕಾದವಳಿಗೆ ತನ್ನ ನುಡಿಯ ಪುಟ ಬೇಕು.

ಓದುವ ಮೊದಲು ಅವಳಿಗೆ ತನ್ನ ಕಾಯಿಲೆ ಯಾವುದೆಂದು ಗೊತ್ತಿರಬೇಕಲ್ಲ? ಮೂರು ವರ್ಷದಲ್ಲಿ ಚಿಕಿತ್ಸೆ ಪಡೆದ ಮಗುವಿಗೆ ‘ರಕ್ತ ಕಡಿಮೆ ಇತ್ತು’ ಎಂದಷ್ಟೇ ಹೇಳಿ ಬೆಳೆಸುವ ಮನೆಗಳು ನಮ್ಮಲ್ಲಿ ಸಾಮಾನ್ಯ. ಹೆಣ್ಣುಮಗುವಾದರೆ ಮದುವೆಯ ಚಿಂತೆಯಿಂದ ಗುಟ್ಟು ಇನ್ನೂ ಬಿಗಿಯಾಗುತ್ತದೆ, ಆಸ್ಪತ್ರೆಯ ಫೈಲನ್ನು ಸುಟ್ಟುಹಾಕುವುದೂ ಉಂಟು. ಅಪ್ಪ ಅಮ್ಮನ ಭಯ ಅರ್ಥವಾಗುವಂಥದ್ದೇ. ಆದರೂ ಆ ಗುಟ್ಟಿನ ಬೆಲೆ ತೆರಬೇಕಾದವಳು ಮಗಳು. ಉಸಿರು ಕಟ್ಟಿದಾಗ ಅವಳನ್ನು ನೋಡುವ ವೈದ್ಯರಿಗೆ ಹೃದಯವನ್ನು ಪರೀಕ್ಷಿಸಬೇಕೆಂಬ ಸುಳಿವೇ ಇರುವುದಿಲ್ಲ. ವಯಸ್ಸಿಗೆ ತಕ್ಕಂತೆ, ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ನಿಜ ಹೇಳುವುದನ್ನು ಆಪ್ತಸಲಹೆಗಾರರು ಪೋಷಕರಿಗೆ ಕಲಿಸುತ್ತಾರೆ. ಹದಿಹರೆಯಕ್ಕೆ ಬರುವಷ್ಟರಲ್ಲಿ ಪೂರ್ತಿ ವಿಷಯ ಗೊತ್ತಿರಬೇಕು.

ಹಕ್ಕಿನ ಮಾತು

ಗುಣವಾದವರ ಬದುಕಿಗೆ ಕಾನೂನೂ ಅಡ್ಡ ಬರಬಹುದು, ಆಸರೆಯೂ ಆಗಬಹುದು. ಫ್ರಾನ್ಸ್ 2016ರಲ್ಲಿ ‘ಮರೆಸುವ ಹಕ್ಕು’ ಎಂಬ ಕಾನೂನನ್ನು ಮೊದಲು ತಂದಿತು. ಚಿಕಿತ್ಸೆ ಮುಗಿದು ನಿಗದಿತ ವರ್ಷ ಕಳೆದ ಮೇಲೆ, ಸಾಲ ಮತ್ತು ಅದಕ್ಕೆ ಬೇಕಾದ ವಿಮೆಗೆ ಅರ್ಜಿ ಹಾಕುವಾಗ ಹಳೆಯ ಕ್ಯಾನ್ಸರ್ ಬಗ್ಗೆ ಹೇಳಬೇಕಾಗಿಲ್ಲ. ಬಾಲ್ಯದ ಕ್ಯಾನ್ಸರ್‌ಗೆ ಆ ಅವಧಿ ಐದು ವರ್ಷವಿತ್ತು, 2022ರಲ್ಲಿ ಎಲ್ಲರಿಗೂ ಐದು ವರ್ಷವಾಯಿತು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಪೋರ್ಚುಗಲ್, ಸ್ಪೇನ್, ಇಟಲಿ ಇದೇ ದಾರಿ ಹಿಡಿದಿವೆ. ಭಾರತದಲ್ಲಿ ಇಂಥ ಕಾನೂನು ಬಂದಿಲ್ಲ. ಇಪ್ಪತ್ತು ವರ್ಷದ ಹಿಂದೆ, ನಾಲ್ಕರ ವಯಸ್ಸಿನಲ್ಲಿ ಬಂದು ಹೋದ ಲ್ಯುಕೇಮಿಯಾವನ್ನು ವಿಮೆಯ ಅರ್ಜಿಯಲ್ಲಿ ಬರೆದರೆ ತಿರಸ್ಕಾರ ಅಥವಾ ಹೆಚ್ಚಿನ ಕಂತು, ಬರೆಯದಿದ್ದರೆ ಮುಂದೆ ಹಣ ಸಿಗದ ಭಯ. ಗುಣವಾದವರ ಸಂಘಗಳು ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳಲ್ಲಿ ಇದು ಮೊದಲ ಸಾಲಿನದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕ್ಯಾನ್ಸರ್ ಇಲ್ಲ. ಆದರೆ ಕ್ಯಾನ್ಸರ್ ಬಿಟ್ಟುಹೋದ ಊನಗಳು ಇವೆ. ಕಾಲು ಕತ್ತರಿಸಿಕೊಂಡವರು, ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡವರು, ಕಿವಿ ಮಂದವಾದವರು ನಿಗದಿತ ಪ್ರಮಾಣದ ಊನವಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಪಡೆದು ಓದು ಮತ್ತು ಉದ್ಯೋಗದ ಸೌಲಭ್ಯ ಪಡೆಯಬಹುದು.

ಗುಣವಾದವರೇ ತಮ್ಮ ಪರವಾಗಿ ಮಾತನಾಡತೊಡಗಿದ್ದು ಇತ್ತೀಚಿನ ಬೆಳವಣಿಗೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಸರೆಯಲ್ಲಿ 2009ರಲ್ಲಿ ಮುಂಬೈಯಲ್ಲಿ ಹುಟ್ಟಿದ ‘ಉಗಮ್’ ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದ ಯುವಜನರ ಗುಂಪು. ಇವರು ವಾರ್ಡಿಗೆ ಬಂದು ನಿಂತಾಗ ಆಗುವ ಕೆಲಸ ಯಾವ ಕರಪತ್ರದಿಂದಲೂ ಆಗದು. ‘ಇವನಿಗೂ ನಿನ್ನದೇ ಕಾಯಿಲೆ ಇತ್ತು, ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ’ ಎಂಬ ಒಂದು ಮಾತಿಗೆ, ಊರಿಗೆ ಹೊರಟು ಬ್ಯಾಗ್ ಕಟ್ಟಿದ್ದ ತಾಯಿ ಉಳಿದುಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರ್‌ಗಾಗಿ ಜಾಗತಿಕ ಕಾರ್ಯಕ್ರಮವೊಂದನ್ನು ಘೋಷಿಸಿತು. 2030ರ ಹೊತ್ತಿಗೆ ಎಲ್ಲ ದೇಶಗಳನ್ನೂ ಸೇರಿಸಿ ಕನಿಷ್ಠ ನೂರಕ್ಕೆ 60 ಮಕ್ಕಳು ಬದುಕಬೇಕು, ಎಲ್ಲರ ನೋವೂ ತಗ್ಗಬೇಕು ಎಂಬುದು ಅದರ ಗುರಿ. ಔಷಧದ ಕೊರತೆಯನ್ನು ನೀಗಲು 2021ರಲ್ಲಿ ಆ ಸಂಸ್ಥೆ ಮತ್ತು ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆ ಸೇರಿ ಬಡ ದೇಶಗಳಿಗೆ ಗುಣಮಟ್ಟದ ಔಷಧ ಒದಗಿಸುವ ವ್ಯವಸ್ಥೆಯನ್ನು ಪ್ರಕಟಿಸಿದವು. ಮಕ್ಕಳ ಕ್ಯಾನ್ಸರ್ ಔಷಧದ ಮಾರುಕಟ್ಟೆ ಚಿಕ್ಕದು, ಲಾಭ ಕಡಿಮೆ, ಕಂಪನಿಗಳಿಗೆ ಆಸಕ್ತಿಯಿಲ್ಲ. ದೊಡ್ಡವರ ಮಾತ್ರೆಯನ್ನು ಬ್ಲೇಡಿನಿಂದ ತುಂಡುಮಾಡಿ ಮಗುವಿಗೆ ಕೊಡುವ ಸ್ಥಿತಿ ಇನ್ನೂ ಇರುವುದು ಅದಕ್ಕೇ.

1990ರ ಮತ್ತು 2000ದ ದಶಕಗಳಲ್ಲಿ ಕರ್ನಾಟಕದ ಆಸ್ಪತ್ರೆಗಳಲ್ಲಿ ಗುಣವಾದ ಸಾಕಷ್ಟು ಮಕ್ಕಳು ಈಗ ಇಪ್ಪತ್ತರಿಂದ ನಲವತ್ತರ ವಯಸ್ಸಿನವರು. ಬಹುಮಂದಿಯ ಬಳಿ ಯಾವ ಕಾಗದವೂ ಇಲ್ಲ. ಅಂಥವರು ಚಿಕಿತ್ಸೆ ಪಡೆದ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಹೆಸರು, ತಂದೆಯ ಹೆಸರು, ವರ್ಷ, ಸಾಧ್ಯವಾದರೆ ಹಳೆಯ ನೋಂದಣಿ ಸಂಖ್ಯೆ ಕೊಟ್ಟು ಕೇಳಬಹುದು. ದಾಖಲೆ ಸಿಗದಿದ್ದರೂ ಕಾಯಿಲೆಯ ಹೆಸರು, ಕೆಂಪು ಬಣ್ಣದ ಔಷಧ ಏರಿಸಿದ್ದರೇ, ಕರೆಂಟ್ ಕೊಟ್ಟಿದ್ದರೇ, ಮೈಯ ಯಾವ ಭಾಗಕ್ಕೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡು ವೈದ್ಯರ ಬಳಿ ಹೋದರೆ ಸಾಕು. ಕೆಂಪು ಔಷಧ ಎಂಬ ಒಂದೇ ನೆನಪಿನಿಂದ ಅದು ಡಾಕ್ಸೊರುಬಿಸಿನ್‌ನ ಗುಂಪಿನದಿರಬಹುದೆಂದು ವೈದ್ಯರು ಊಹಿಸಿ ಎಕೊ ಬರೆದುಕೊಡಬಲ್ಲರು.